ತಿರುಗಿಸಿದರೆ ಬಣ್ಣ ಬದಲಿಸುವ ಕಿಟಕಿ

ಕಿಟಕಿ ಗಾಜಿಗೆ ಬಣ್ಣ ಬರಿಸುವುದು ಸುಲಭ, ಬಂದ ಬಣ್ಣ ಬೇಕೆಂದಾಗ ಬದಲಾಗುವಂತೆ ಮಾಡುವುದೇ ಕಷ್ಟ. ಹಳೆಯ ಮನೆಗಳ ಬಾಗಿಲ ಮೇಲೆ, ವೆಂಟಿಲೇಟರುಗಳಲ್ಲಿ ಕಾಣುವ ನೀಲಿ, ಹಸಿರು ಗಾಜುಗಳ ಬಣ್ಣ ಕುಲುಮೆಯಲ್ಲೇ ಸೇರಿದ್ದು. ಕರಗಿದ ಗಾಜಿಗೆ ಚೂರೇ ಚೂರು ಕೋಬಾಲ್ಟ್ ಬೆರೆತರೆ ನೀಲಿ, ಕ್ರೋಮಿಯಂ ಬೆರೆತರೆ ಹಸಿರು. ಈಗ ಗ್ಲಾಸ್ ಪೇಂಟ್ ಬಳಿಯುತ್ತೇವೆ, ಇಲ್ಲವೇ ಬಣ್ಣದ ಫಿಲ್ಮ್ ಅಂಟಿಸುತ್ತೇವೆ. ಹೇಗೆ ಮಾಡಿದರೂ ಬೆಳಿಗ್ಗೆ ನೀಲಿಯಾಗಿದ್ದ ಗಾಜು ಸಂಜೆಗೂ ನೀಲಿಯೇ.

ಬದಲಾಗುವ ಗಾಜುಗಳೂ ಇವೆ. ಅಮೆರಿಕದ ಬಾಸ್ಟನ್ ನಗರದ ಬೀಕನ್ ಹಿಲ್‌ನಲ್ಲಿ ಸುಮಾರು ಇನ್ನೂರು ವರ್ಷ ಹಳೆಯ ಕೆಲವು ಮನೆಗಳ ಕಿಟಕಿಗಳು ನಸುನೇರಳೆ ಬಣ್ಣಕ್ಕಿವೆ. ಗಾಜಿನಲ್ಲಿದ್ದ ಮ್ಯಾಂಗನೀಸ್ ಬಿಸಿಲಿನ ಅತಿನೇರಳೆ ಕಿರಣಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡು ಆ ಬಣ್ಣ ತಳೆಯಿತು. 1960ರ ದಶಕದಲ್ಲಿ ಕಾರ್ನಿಂಗ್ ಕಂಪನಿ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳನ್ನು ಒಳಗೊಂಡ ಗಾಜನ್ನು ತಯಾರಿಸಿತು. ಅದು ಬಿಸಿಲಿಗೆ ಕಪ್ಪಾಗಿ ನೆರಳಿಗೆ ಬಂದರೆ ತಿಳಿಯಾಗುತ್ತದೆ. ದೊಡ್ಡ ಕಟ್ಟಡಗಳಿಗೆ ಟಂಗ್‌ಸ್ಟನ್ ಆಕ್ಸೈಡಿನ ತೆಳು ಪದರವಿರುವ ಗಾಜು ಸಿಗುತ್ತದೆ. ಕೆಲವೇ ವೋಲ್ಟ್ ವಿದ್ಯುತ್ ಹರಿಸಿದರೆ ಲಿಥಿಯಂ ಅಯಾನುಗಳು ಪದರದೊಳಕ್ಕೆ ಸರಿದು ಗಾಜು ಕೆಲವು ನಿಮಿಷಗಳಲ್ಲಿ ನೀಲಿಗೆ ತಿರುಗುತ್ತದೆ. ಬೋಯಿಂಗ್ 787 ವಿಮಾನದಲ್ಲಿ ಕೂತವರು ಕಿಟಕಿಯ ಕೆಳಗಿನ ಗುಂಡಿ ಒತ್ತಿ ಗಾಜನ್ನು ಕಡುನೀಲಿ ಮಾಡಿಕೊಂಡಿರಬಹುದು.

ಇವೆಲ್ಲ ಕಾರ್ಖಾನೆಯಲ್ಲೇ ಆಗಬೇಕಾದ ಕೆಲಸ. ಮನೆಯ ಮೇಜಿನ ಮೇಲೆ ಆಗುವ, ಹೊಸಬರ ಕೈಗೂ ಬಗ್ಗುವ ದಾರಿ ಒಂದಿದೆ. ಅದಕ್ಕೆ ಬೇಕಾದದ್ದು ಎರಡು ಪೋಲರಾಯ್ಡ್ ಹಾಳೆ, ಒಂದು ತುಂಡು ಗಾಜು ಮತ್ತು ಬಣ್ಣವೇ ಇಲ್ಲದ ಪ್ಯಾಕಿಂಗ್ ಟೇಪ್. ಬಣ್ಣದ ಡಬ್ಬಿ ಬೇಡ, ಕರೆಂಟೂ ಬೇಡ. ಒಂದು ಹಾಳೆಯನ್ನು ತಿರುಗಿಸುತ್ತ ಹೋದಂತೆ ಹಳದಿ ಇದ್ದಲ್ಲಿ ನೀಲಿ, ಹಸಿರು ಇದ್ದಲ್ಲಿ ಕೆನ್ನೇರಳೆ ಮೂಡುತ್ತದೆ. ಪಾಠದಲ್ಲಿ ಓದಿ ಮರೆತ ಬೆಳಕಿನ ಗುಣವೊಂದು ಇಷ್ಟು ಅಗ್ಗದಲ್ಲಿ ಕಣ್ಣ ಮುಂದೆ ಬರುವುದು ಅಪರೂಪ. ಮಕ್ಕಳಿರುವ ಮನೆಯಲ್ಲಂತೂ ಇದನ್ನು ಮಾಡಲೇಬೇಕು.

ಹಂತ 1: ಕೊಳ್ಳುವ ಮೊದಲು ಒಂದು ಪರೀಕ್ಷೆ

ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಪರದೆಯಿಂದ ಬರುವ ಬೆಳಕು ಈಗಾಗಲೇ ಒಂದು ಪೋಲರಾಯ್ಡ್ ಪದರವನ್ನು ದಾಟಿ ಬಂದಿರುತ್ತದೆ. ಕನ್ನಡಿಯಂಗಡಿಯಲ್ಲಿ ಅಥವಾ ಫೋಟೊಗೆ ಫ್ರೇಮ್ ಹಾಕುವಲ್ಲಿ ಸಿಗುವ 2 ಮಿ.ಮೀ. ಗಾಜಿನ ತುಂಡಿಗೆ ಟೇಪನ್ನು ಎರಡು ಮೂರು ಪದರ ಅಂಟಿಸಿ ಪರದೆಯ ಮುಂದೆ ಓರೆಯಾಗಿ ಹಿಡಿಯಿರಿ. ಪೋಲರೈಸ್ಡ್ ತಂಪು ಕನ್ನಡಕದ ಮೂಲಕ ನೋಡಿ, ತಲೆಯನ್ನು ಎಡಕ್ಕೂ ಬಲಕ್ಕೂ ವಾಲಿಸಿ. ಟೇಪಿನ ಮೇಲೆ ಬಣ್ಣ ಬಂದು ಬದಲಾದರೆ ಆ ಟೇಪು ನಿಮ್ಮ ಕೆಲಸಕ್ಕೆ ಆಯಿತು.

ಎಲ್ಲ ಟೇಪೂ ಒಂದೇ ಅಲ್ಲ. ಪೆಟ್ಟಿಗೆಗಳಿಗೆ ಅಂಟಿಸುವ, ನೀರಿನಷ್ಟು ತಿಳಿಯಾದ ಅಗಲ ಟೇಪು ಸಾಮಾನ್ಯವಾಗಿ ಚೆನ್ನಾಗಿ ಬಣ್ಣ ಕೊಡುತ್ತದೆ. ಕಾಗದದ ಮೇಲೆ ಕಾಣಿಸದಂತಿರುವ ಮಬ್ಬು ಟೇಪು ಹೆಚ್ಚಾಗಿ ಸಪ್ಪೆ. ಒಂದು ರೋಲಿನಿಂದ ಇನ್ನೊಂದಕ್ಕೆ ಬಣ್ಣ ಬೇರೆಯಾಗಬಹುದಾದ್ದರಿಂದ ಇಡೀ ಕೆಲಸವನ್ನು ಒಂದೇ ರೋಲಿನಲ್ಲಿ ಮುಗಿಸಿ.

ಹಂತ 2: ಸಾಮಾನು

ವಿಜ್ಞಾನ ಪ್ರಯೋಗದ ಸಾಮಾನು ಮಾರುವವರಲ್ಲಿ ಮತ್ತು ಆನ್‌ಲೈನಿನಲ್ಲಿ ಎ4 ಅಳತೆಯ ಪೋಲರಾಯ್ಡ್ ಹಾಳೆಗಳು ಸಿಗುತ್ತವೆ. ಎರಡು ಬೇಕು. ಕೇಳುವಾಗ ‘ಲೀನಿಯರ್’ ಎಂದೇ ಕೇಳಿ. 3ಡಿ ಸಿನಿಮಾದ ಕನ್ನಡಕಗಳಲ್ಲಿ ಬೇರೆ ಬಗೆಯದ್ದು ಇರುವುದರಿಂದ ಅವುಗಳನ್ನು ನೆಚ್ಚಿಕೊಳ್ಳಬೇಡಿ. ಇವುಗಳ ಜೊತೆಗೆ 20 ಸೆಂ.ಮೀ. ಚೌಕದ 2 ಮಿ.ಮೀ. ಗಾಜು, 8 ಇಂಚಿನ ಕಸೂತಿ ರಿಂಗ್, ಕಟರ್ ಬ್ಲೇಡ್, ಸ್ಟೀಲ್ ಸ್ಕೇಲು, ಡಬಲ್ ಸೈಡ್ ಟೇಪು. ಗಾಜಿನ ಅಂಚನ್ನು ಅಂಗಡಿಯಲ್ಲೇ ಉಜ್ಜಿಸಿಕೊಳ್ಳಿ, ಇಲ್ಲವಾದರೆ ಬೆರಳು ಕೊಯ್ಯುತ್ತದೆ.

ಒಡೆಯದಿರಲಿ ಎಂದು ಗಾಜಿನ ಬದಲು ಓಎಚ್‌ಪಿ ಹಾಳೆ ಬಳಸುವ ಮನಸ್ಸಾಗಬಹುದು. ಬೇಡ. ಆ ಹಾಳೆ ಸ್ವತಃ ಬಣ್ಣ ತೋರಿಸಿ ನಿಮ್ಮ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಟಫನ್ಡ್ ಗಾಜಿನಲ್ಲೂ ತಯಾರಿಕೆಯ ಒತ್ತಡ ಉಳಿದಿರುವುದರಿಂದ ಮಚ್ಚೆ ಮಚ್ಚೆ ಕಾಣುತ್ತದೆ. ಸಾದಾ ಗಾಜೇ ಸರಿ.

ಬಣ್ಣ ಬರುವುದು ಎಲ್ಲಿಂದ?

ಇದನ್ನು ತಿಳಿದುಕೊಂಡರೆ ಮುಂದಿನ ಹಂತಗಳು ಬಾಯಿಪಾಠವಾಗದೆ ಅರ್ಥವಾಗುತ್ತವೆ. ಬಿಳಿ ಬೆಳಕಿನಲ್ಲಿ ಸುಮಾರು 400 ನ್ಯಾನೋಮೀಟರಿನ ನೇರಳೆಯಿಂದ 700ರ ಕೆಂಪಿನವರೆಗೆ ಎಲ್ಲ ಬಣ್ಣಗಳೂ ಇವೆ. ಬೆಳಕಿನ ಅಲೆ ತಾನು ಸಾಗುವ ದಾರಿಗೆ ಅಡ್ಡಡ್ಡ ಕಂಪಿಸುತ್ತದೆ, ಅದೂ ಎಲ್ಲ ದಿಕ್ಕಿಗೂ. ಮೊದಲ ಪೋಲರಾಯ್ಡ್ ಹಾಳೆ ಒಂದು ದಿಕ್ಕಿನ ಕಂಪನವನ್ನಷ್ಟೇ ಒಳಗೆ ಬಿಡುತ್ತದೆ. ಟೇಪನ್ನು ತಯಾರಿಸುವಾಗ ಪ್ಲಾಸ್ಟಿಕ್ಕನ್ನು ಎಳೆದು ಹಿಗ್ಗಿಸುವುದರಿಂದ ಅದರ ಉದ್ದನೆಯ ಅಣುಗಳು ಸಾಲಾಗಿ ನಿಲ್ಲುತ್ತವೆ. ಹಾಗಾಗಿ ಟೇಪಿನ ಉದ್ದಕ್ಕೆ ಕಂಪಿಸುವ ಬೆಳಕು ಒಂದು ವೇಗದಲ್ಲೂ ಅಗಲಕ್ಕೆ ಕಂಪಿಸುವ ಬೆಳಕು ಇನ್ನೊಂದು ವೇಗದಲ್ಲೂ ದಾಟುತ್ತದೆ. ಹೊರಬರುವ ಹೊತ್ತಿಗೆ ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಅಲ್ಲ, ಅಲೆಯ ಒಂದು ಭಾಗದಷ್ಟು ಹಿಂದೆ ಬಿದ್ದಿರುತ್ತದೆ. ಹಿಂದೆ ಬಿದ್ದ ದೂರ ಹೆಚ್ಚುಕಡಿಮೆ ಒಂದೇ ಆದರೂ ನೇರಳೆಯ ಸಣ್ಣ ಅಲೆಗೆ ಅದು ದೊಡ್ಡ ವ್ಯತ್ಯಾಸ, ಕೆಂಪಿನ ದೊಡ್ಡ ಅಲೆಗೆ ಚಿಕ್ಕ ವ್ಯತ್ಯಾಸ. ಹೀಗೆ ಒಂದೊಂದು ಬಣ್ಣದ ಕಂಪನವೂ ಒಂದೊಂದು ರೀತಿ ಮಾರ್ಪಟ್ಟು ಎರಡನೆಯ ಹಾಳೆಯ ಮುಂದೆ ಬರುತ್ತದೆ. ಆ ಹಾಳೆ ಕೆಲವನ್ನು ಬಿಟ್ಟು ಕೆಲವನ್ನು ತಡೆಯುತ್ತದೆ, ಬಿಟ್ಟ ಬಣ್ಣಗಳ ಮೊತ್ತ ನಮ್ಮ ಕಣ್ಣಿಗೆ ಕಾಣುತ್ತದೆ. ಹಾಳೆಯನ್ನು ಕಾಲು ಸುತ್ತು ತಿರುಗಿಸಿದರೆ ಮೊದಲು ತಡೆದದ್ದು ಈಗ ಒಳಬರುತ್ತದೆ, ಬಂದದ್ದು ನಿಲ್ಲುತ್ತದೆ.

ಹಂತ 3: ಯಾವ ಕಿಟಕಿ?

ಉತ್ತರದ ಕಿಟಕಿ ಸಿಕ್ಕರೆ ಒಳ್ಳೆಯದು. ಅಲ್ಲಿ ಬಹುಪಾಲು ಆಕಾಶದ ಹದವಾದ ಬೆಳಕಷ್ಟೇ ಬರುತ್ತದೆ. ನಮ್ಮ ಅಕ್ಷಾಂಶದಲ್ಲಿ ಮಾತ್ರ ಒಂದು ವಿಶೇಷ ನೆನಪಿರಲಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ, ಆಗ ಉತ್ತರದ ಕಿಟಕಿಗೂ ನೇರ ಬಿಸಿಲು ತಾಗಬಹುದು. ಪಡುವಣ ಕಿಟಕಿ ಬೇಡವೇ ಬೇಡ. ಸಾಮಾನ್ಯ ಪೋಲರಾಯ್ಡ್ ಹಾಳೆ ಎಂದರೆ ಅಯೋಡಿನ್ ಹೀರಿದ, ಎಳೆದು ಹಿಗ್ಗಿಸಿದ ಪ್ಲಾಸ್ಟಿಕ್. ಸಂಜೆಯ ಬಿಸಿಲಿನ ಕಾವು, ಕರಾವಳಿ ಮತ್ತು ಮಲೆನಾಡಿನ ಮಳೆಗಾಲದ ತೇವ ಎರಡೂ ಅದನ್ನು ಕೆಡಿಸುತ್ತವೆ.

ಹಾಳೆಗಳ ಮೂಲಕ ಸೂರ್ಯನನ್ನು ಯಾರೂ ನೇರವಾಗಿ ನೋಡಬಾರದು. ಎರಡು ಹಾಳೆ ಸೇರಿ ಕಪ್ಪಾಗಿ ಕಂಡರೂ ಕಣ್ಣಿಗೆ ಕಾಣದ ಅವಗೆಂಪು ಕಿರಣ ಅವುಗಳನ್ನು ದಾಟಿ ಬರುತ್ತದೆ, ರೆಟಿನಾ ಸುಡುತ್ತದೆ. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿ.

ಹಂತ 4: ದಿಕ್ಕು ಗುರುತಿಸಿ, ಕತ್ತರಿಸಿ

ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ಒಂದನ್ನು ತಿರುಗಿಸಿ. ಪೂರ್ತಿ ಕಪ್ಪಾದಲ್ಲಿ ನಿಲ್ಲಿಸಿ. ಈಗ ಒಂದು ಪಟ್ಟಿ ಟೇಪು ಅಂಟಿಸಿದ ಗಾಜನ್ನು ಅವುಗಳ ನಡುವೆ ತೂರಿಸಿ ಮೆಲ್ಲಗೆ ತಿರುಗಿಸುತ್ತ ಬನ್ನಿ. ಟೇಪು ಒಮ್ಮೆ ಹೊಳೆಯುತ್ತದೆ, ಒಮ್ಮೆ ಸುತ್ತಲಿನ ಕತ್ತಲಿನಲ್ಲಿ ಮುಳುಗಿಹೋಗುತ್ತದೆ. ಮುಳುಗಿದ ನಿಲುವಿನಲ್ಲಿ ಟೇಪಿನ ಉದ್ದ ಯಾವ ದಿಕ್ಕಿಗಿದೆಯೋ ಆ ದಿಕ್ಕನ್ನು ಎರಡೂ ಹಾಳೆಗಳ ಮೂಲೆಯಲ್ಲಿ ಬಾಣ ಹಾಕಿ ಗುರುತಿಸಿ. ಅದಕ್ಕೆ 45 ಡಿಗ್ರಿ ಓರೆಯಾಗಿ ಟೇಪು ಬಂದಾಗ ಬಣ್ಣ ಅತಿ ಹೆಚ್ಚು.

ಮೊದಲ ಹಾಳೆಯಲ್ಲಿ ಬಾಣ ಒಂದು ಅಂಚಿಗೆ ಸಮಾನಾಂತರವಾಗಿ ಬರುವಂತೆ 20 ಸೆಂ.ಮೀ. ಚೌಕ ಕತ್ತರಿಸಿ. ಕೆಲವು ಹಾಳೆಗಳಲ್ಲಿ ದಿಕ್ಕು ಮೊದಲೇ ಓರೆಯಾಗಿರುತ್ತದೆ. ಹಾಗಿದ್ದರೆ ಚೌಕವನ್ನು ಇದ್ದಂತೆಯೇ ಕತ್ತರಿಸಿ, ಟೇಪನ್ನು ಓರೆಯ ಬದಲು ನೇರವಾಗಿ ಅಂಟಿಸಿದರಾಯಿತು. ಎರಡನೆಯ ಹಾಳೆಯಲ್ಲಿ ಕಸೂತಿ ರಿಂಗಿನ ಹೊರಸುತ್ತಿನ ಅಳತೆಗೆ ಒಂದು ವೃತ್ತ. ಹಾಳೆಯ ಎರಡೂ ಬದಿಯ ರಕ್ಷಣಾ ಪೊರೆಯನ್ನು ಕೊನೆಯಲ್ಲಿ ಮರೆಯದೆ ಕಿತ್ತುಹಾಕಿ, ಅದೂ ಬಣ್ಣ ತೋರಿಸುತ್ತದೆ.

ಹಂತ 5: ಬಣ್ಣದ ಮೆಟ್ಟಿಲು

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಆದರೆ ಇಡೀ ಕೆಲಸದಲ್ಲಿ ಅತಿ ಸೊಗಸಾದ ಹಂತ ಇದೇ. ಇನ್ನೊಂದು ಗಾಜಿನ ಪಟ್ಟಿಯ ಮೇಲೆ ಟೇಪನ್ನು ಒಂದೇ ದಿಕ್ಕಿಗೆ, ಒಂದರ ಮೇಲೊಂದು, ಪ್ರತಿ ಸಲವೂ ಸ್ವಲ್ಪ ಗಿಡ್ಡ ಮಾಡುತ್ತ ಎಂಟು ಪದರ ಅಂಟಿಸಿ. ಎಂಟು ಮೆಟ್ಟಿಲಾಗುತ್ತದೆ. ಹಾಳೆಗಳ ನಡುವಿಟ್ಟು ನೋಡಿ, ಪ್ರತಿ ಮೆಟ್ಟಿಲಿನ ಬಣ್ಣವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಹಾಳೆ ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ಬರೆಯಿರಿ. ಟೇಪಿನ ಗುಣಕ್ಕೆ ತಕ್ಕಂತೆ ಮೊದಲ ಒಂದೆರಡು ಪದರ ಬೂದು, ಬಿಳಿ ಅಥವಾ ಕಂದುಹಳದಿಯಲ್ಲೇ ಉಳಿಯಬಹುದು. ನಡುವೆ ದಟ್ಟ ಬಣ್ಣಗಳು ಬರುತ್ತವೆ. ಪದರ ಬಹಳವಾದರೆ ತಿಳಿಗುಲಾಬಿ, ತಿಳಿಹಸಿರುಗಳೇ ಮರಳಿ ಮರಳಿ ಬಂದು ಬಣ್ಣ ಸಪ್ಪೆಯಾಗುತ್ತದೆ.

ಇನ್ನೊಂದು ಗುಟ್ಟೂ ಇಲ್ಲೇ ತಿಳಿಯುತ್ತದೆ. ಒಂದೇ ಟೇಪಿನ ಎರಡು ತುಂಡುಗಳನ್ನು ಕೂಡಿಸುವ ಚಿಹ್ನೆಯಂತೆ ಅಡ್ಡಡ್ಡ ಅಂಟಿಸಿದರೆ, ಒಂದು ಹಿಂದೆ ಹಾಕಿದ ಅಲೆಯನ್ನು ಇನ್ನೊಂದು ಸರಿದೂಗಿಸುತ್ತದೆ. ಅವು ಸೇರುವ ಜಾಗದಲ್ಲಿ ಟೇಪೇ ಇಲ್ಲವೇನೋ ಎಂಬಂತೆ ಬಣ್ಣ ಮಾಯ. ಅಂದರೆ ಪದರ ಅಂಟಿಸಿ ಬಣ್ಣ ಕೂಡಬಹುದು, ಕಳೆಯಲೂಬಹುದು.

ಪದರಗಳನ್ನು ಬೇರೆ ಬೇರೆ ಕೋನಕ್ಕೆ ಜೋಡಿಸುವ ಈ ವಿದ್ಯೆಗೆ ಬೆಂಗಳೂರಿನ ಋಣವೊಂದಿದೆ. ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಪಂಚರತ್ನಂ 1955ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಫಲಕಗಳನ್ನು ಲೆಕ್ಕಹಾಕಿದ ಕೋನಗಳಲ್ಲಿ ಜೋಡಿಸಿ, ಹೆಚ್ಚುಕಡಿಮೆ ಎಲ್ಲ ಬಣ್ಣಗಳ ಮೇಲೂ ಒಂದೇ ಪರಿಣಾಮವಾಗುವಂತೆ ಮಾಡಿದರು. ನಮಗೆ ಬೇಕಿರುವುದು ಅದರ ವಿರುದ್ಧ, ಬಣ್ಣ ಬಣ್ಣಕ್ಕೂ ಪರಿಣಾಮ ಬೇರೆಯಾಗಬೇಕು. ಆದರೂ ಬೇರೆ ಬೇರೆ ಕೋನಕ್ಕೆ ಪದರ ಅಂಟಿಸಿ ನೋಡುವಾಗ ನಾವು ಆಡುತ್ತಿರುವುದು ಅವರ ಅಂಗಳದಲ್ಲೇ.

ಹಂತ 6: ಚಿತ್ರ

ಬಿಳಿ ಕಾಗದದ ಮೇಲೆ ಚಿತ್ರ ಬರೆದು ಗಾಜಿನ ಕೆಳಗಿಡಿ. ಮೊದಲ ಸಲ ಎಲೆ, ಹೂದಳ ಅಥವಾ ರಂಗೋಲಿಯ ಚೌಕಗಳಂಥ ದೊಡ್ಡ ಆಕಾರಗಳೇ ಇರಲಿ. ಮೆಟ್ಟಿಲಿನ ಪಟ್ಟಿ ನೋಡಿ ಪ್ರತಿ ಭಾಗದಲ್ಲಿ ಎಷ್ಟು ಪದರ ಬೇಕೆಂದು ಬರೆದುಕೊಳ್ಳಿ. ಗಾಜನ್ನು ಸೋಪು ನೀರಿನಲ್ಲಿ ತೊಳೆದು ಒರೆಸಿ, ಟೇಪನ್ನು 45 ಡಿಗ್ರಿ ಓರೆಯಲ್ಲಿ ಗಾಜಿನ ತುಂಬ ಒಂದು ಪದರ ಹಾಸಿ. ಅಂಚಿಗೆ ಅಂಚು ಕೂಡಿರಲಿ, ಒಂದರ ಮೇಲೊಂದು ಹತ್ತಬಾರದು. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಒತ್ತಿ ಗಾಳಿಗುಳ್ಳೆ ಹೊರಹಾಕಿ. ಆಕಾರದ ಗೆರೆಯ ಮೇಲೆ ಬ್ಲೇಡ್ ಆಡಿಸಿ ಬೇಡದ ಭಾಗವನ್ನು ಸುಲಿಯಿರಿ. ಮತ್ತೆ ಮೇಲಿನ ಪದರ, ಮತ್ತೆ ಕತ್ತರಿಸುವುದು. ಪದರದ ಆಳಕ್ಕೆ ಬ್ಲೇಡ್ ಇಳಿಸುವ ಹದ ಕೈಗೆ ಹತ್ತಲು ಸ್ವಲ್ಪ ಹೊತ್ತು ಬೇಕು, ಅವಸರ ಬೇಡ. ಕೆಲಸ ನಡೆಯುವಾಗ ಕಣ್ಣಿಗೆ ಏನೂ ಕಾಣುವುದಿಲ್ಲ, ಗಾಜು ಬರೀ ಗಾಜಾಗಿಯೇ ಇರುತ್ತದೆ. ಲ್ಯಾಪ್‌ಟಾಪಿನ ಬಿಳಿ ಪುಟದ ಮುಂದೆ ಹಿಡಿದು ಆಗಾಗ ಹಾಳೆಯಿಂದ ನೋಡಿಕೊಳ್ಳಿ.

ಹಂತ 7: ಕಿಟಕಿಗೆ ಕೂರಿಸುವುದು

ಕಿಟಕಿಯ ಗಾಜನ್ನು ತೊಳೆದು ಒಣಗಿಸಿ. ಅದರ ಒಳಬದಿಗೆ ಚೌಕದ ಪೋಲರಾಯ್ಡ್ ಹಾಳೆ, ಅದಕ್ಕೆ ಒತ್ತಿ ಟೇಪು ಹಾಸಿದ ಗಾಜು. ನಾಲ್ಕೂ ಅಂಚಿಗೆ ತೆಳು ಮರದ ಬೀಡಿಂಗ್ ಹೊಡೆಸಿದರೆ ಎರಡೂ ನಿಲ್ಲುತ್ತವೆ. ವೃತ್ತದ ಹಾಳೆಯನ್ನು ಡಬಲ್ ಸೈಡ್ ಟೇಪಿನಿಂದ ಕಸೂತಿ ರಿಂಗಿನ ಮುಖಕ್ಕೆ ಅಂಟಿಸಿ. ರಿಂಗು ಬೀಡಿಂಗಿನ ಮೇಲೆ ಕೂತು ಸಲೀಸಾಗಿ ತಿರುಗುವಂತೆ ಮೂರು ಎಲ್ ಕೊಕ್ಕೆಗಳನ್ನು ತಿರುಪಿ. ಗಡಿಯಾರದ ಲೆಕ್ಕದಲ್ಲಿ ಎರಡು ಕೊಕ್ಕೆ 5 ಮತ್ತು 7ರ ಜಾಗದಲ್ಲಿ, ಮೂರನೆಯದು 10ರಲ್ಲಿ. ರಿಂಗಿನ ಬಿಗಿ ಸ್ಕ್ರೂ ಹಿಡಿಯಾಗುತ್ತದೆ, ಅದನ್ನು 12ರಿಂದ 3ಕ್ಕೆ ಎಳೆದರೆ ಬೇಕಾದ ಕಾಲು ಸುತ್ತು ಮುಗಿಯಿತು. ಅರ್ಧ ದಾರಿಯಲ್ಲಿ ಬಣ್ಣವೆಲ್ಲ ಇಂಗಿ ಗಾಜು ಬರಿದಾದರೆ ತಪ್ಪಾಗಿದೆ ಎಂದುಕೊಳ್ಳಬೇಡಿ. ಅಲ್ಲಿ ಹಾಳೆಯ ದಿಕ್ಕು ಟೇಪಿನ ದಿಕ್ಕಿಗೆ ಸರಿಹೊಂದುತ್ತದೆ, ಬಣ್ಣ ಹುಟ್ಟುವುದಿಲ್ಲ. ಅಲ್ಲಿಂದ ಮುಂದೆ ಎದುರು ಬಣ್ಣಗಳು ಮೇಲೇಳುತ್ತವೆ.

ಇಡೀ ಕಿಟಕಿಗೇ ಹೀಗೆ ಮಾಡಬಹುದೇ ಎಂದರೆ, ನನ್ನ ಸಲಹೆ ಬೇಡ ಎಂದೇ. ಮೊದಲ ಹಾಳೆಯೇ ಅರ್ಧಕ್ಕಿಂತ ಹೆಚ್ಚು ಬೆಳಕು ನುಂಗುತ್ತದೆ, ಓದುವ ಕೋಣೆ ಮಂಕಾಗುತ್ತದೆ. ಬಾಗಿಲ ಮೇಲಿನ ವೆಂಟಿಲೇಟರು, ಮೆಟ್ಟಿಲ ತಿರುವಿನ ಸಣ್ಣ ಕಿಟಕಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಕಾರಿನ ಗಾಜಿನ ಮೇಲೆ ಮಾತ್ರ ಈ ಯಾವ ಪ್ರಯೋಗವೂ ಬೇಡ. ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ 70, ಪಕ್ಕದವು 50 ಪ್ರತಿಶತ ಬೆಳಕು ಬಿಡಬೇಕೆಂಬುದು ನಿಯಮ.

ಒರೆಸಲು ಒದ್ದೆ ಮೆತ್ತನೆ ಬಟ್ಟೆ ಸಾಕು. ಗಾಜು ಒರೆಸುವ ಸ್ಪ್ರೇ, ಸ್ಪಿರಿಟ್ ಹಾಳೆಗೆ ತಾಗಬಾರದು. ಕಾಲ ಕಳೆದಂತೆ ಟೇಪಿನ ಅಂಟು ಹಳದಿಗಟ್ಟಿದರೆ ಬೀಡಿಂಗ್ ತೆಗೆದು ಗಾಜೊಂದನ್ನೇ ಬದಲಿಸಿ. ಪೋಲರಾಯ್ಡ್ ಹಾಳೆಗಳು ಚೆನ್ನಾಗಿದ್ದರೆ ಅವೇ ಮತ್ತೆ ಬರುತ್ತವೆ. ಹೊಸ ರೋಲು ತಂದಾಗ ಬಣ್ಣದ ಮೆಟ್ಟಿಲನ್ನು ಮತ್ತೆ ಮಾಡಿ ಬರೆದಿಟ್ಟುಕೊಳ್ಳಿ.