ಟಕ್ ಟಕ್ ಎನ್ನುವ ಕಾರು: ಮೊದಲು ನೋಡಬೇಕಾದದ್ದು ಬ್ಯಾಟರಿ

ಪ್ರಶ್ನೆ: ಬಾಣಾವರದ ಮನೆಯ ಮುಂದೆ ವಾರಗಟ್ಟಲೆ ನಿಂತಿದ್ದ ಪೆಟ್ರೋಲ್ ಕಾರು, ಹಳೇಬೀಡಿಗೆ ಹೊರಡಲು ಕೀಲಿ ತಿರುಗಿಸಿದರೆ ಬರೀ ‘ಟಕ್ ಟಕ್’ ಎನ್ನುವುದೇಕೆ?

ಉತ್ತರ: ಇದು ಬಹುಮಟ್ಟಿಗೆ ಬ್ಯಾಟರಿ ಸೊರಗಿರುವುದರ ಸೂಚನೆಯಾಗಿದ್ದು, ಸ್ಟಾರ್ಟರ್ ಮೋಟರಿಗೆ ವಿದ್ಯುತ್ ಹಾಯಿಸುವ ಸೊಲೆನಾಯ್ಡ್ ಎಂಬ ಕಾಂತೀಯ ಸ್ವಿಚ್ಚು ಕೂಡಿಕೊಂಡೊಡನೆ ವೋಲ್ಟೇಜ್ ಕುಸಿದು, ಅದು ಮತ್ತೆ ಮತ್ತೆ ಬಿಟ್ಟುಕೊಳ್ಳುವುದರಿಂದ ಈ ಸದ್ದು ಹುಟ್ಟುತ್ತದೆ. ನಿಂತ ಕಾರಿನ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ಅದು ತುಂಬಿದೆಯೆಂದೂ, 12ಕ್ಕಿಂತ ಕಡಿಮೆಯಿದ್ದರೆ ಬಹುತೇಕ ಬರಿದಾಗಿದೆಯೆಂದೂ ತಿಳಿಯಬೇಕು. ಟರ್ಮಿನಲ್‌ಗಳಿಗೆ ಕಿಲುಬು ಹಿಡಿದಿದ್ದರೆ, ಮೊದಲು ಮೈನಸ್ ತಂತಿಯನ್ನು ಕಳಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಉಜ್ಜಿ, ಒರೆಸಿ, ಬಿಗಿಗೊಳಿಸಬೇಕು. ಇಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ದೋಷವನ್ನು ಇಂಧನ ಪಂಪಿನಲ್ಲಿ ಅಥವಾ ಕಿಡಿ ಹೊಮ್ಮಿಸುವ ಸ್ಪಾರ್ಕ್ ಪ್ಲಗ್ಗಿನಲ್ಲಿ ಹುಡುಕಬೇಕು. ಕೀಲಿಯನ್ನು ಒಮ್ಮೆಗೆ 10 ಸೆಕೆಂಡು ಮೀರಿ ಹಿಡಿದರೆ ಮೋಟರ್ ಕಾದು ಕೆಡುವ ಅಪಾಯವಿರುವುದರಿಂದ, ನಡುವೆ ಬಿಡುವು ಕೊಡುವುದು ಅಗತ್ಯ.