ಅಗೇವ್ ಪಾಕದ ಫ್ರುಕ್ಟೋಸ್: ಮನೆಯ ಬಿಯರ್ ಮತ್ತು ಮೀಡ್ ತಯಾರಿಕೆ ಕಲಿಸಿದ ಪಾಠಗಳು

ಅಗೇವ್ ಪಾಕವನ್ನು ಅಂಗಡಿಗಳಲ್ಲಿ ಜೇನಿಗೆ ಬದಲಿಯೆಂದು ಮಾರಲಾಗುತ್ತದೆಯಾದರೂ, ಹುದುಗುವ ಪಾತ್ರೆಯೊಳಗೆ ಅದು ಜೇನಿನಂತೆ ವರ್ತಿಸುವುದಿಲ್ಲ ಎಂಬುದನ್ನು ಮನೆಯಲ್ಲಿ ಬಿಯರನ್ನಾಗಲಿ, ಜೇನನ್ನು ನೀರಿನಲ್ಲಿ ಕರಗಿಸಿ ಹುದುಗಿಸುವ ಮೀಡ್ ಎಂಬ ಮದ್ಯವನ್ನಾಗಲಿ ತಯಾರಿಸುವವರು ಮೊದಲು ತಿಳಿಯಬೇಕು. ಈ ಪಾಕದ ಮೂಲ ಮೆಕ್ಸಿಕೋದ ನೀಲಿ ಅಗೇವ್ ಮತ್ತು ಅದರ ಹತ್ತಿರದ ಜಾತಿಗಳು. ಗಿಡ ಬಲಿಯಲು ಹಲವು ವರ್ಷಗಳು ಬೇಕು, ಎಲೆಗಳನ್ನು ಕಡಿದು ತೆಗೆದ ಮೇಲೆ ಉಳಿಯುವ ದಪ್ಪ ದಿಂಡಿನಲ್ಲಿ ಫ್ರುಕ್ಟಾನ್ ಎಂಬ ಪದಾರ್ಥ, ಅಂದರೆ ಫ್ರುಕ್ಟೋಸ್ ಅಣುಗಳು ಒಂದಕ್ಕೊಂದು ಸೇರಿ ಆದ ಉದ್ದನೆಯ ಸರಪಳಿ, ಶೇಖರವಾಗಿರುತ್ತದೆ. ಶಾಖದಿಂದಲೋ ಕಿಣ್ವಗಳಿಂದಲೋ ಈ ಸರಪಳಿಯನ್ನು ಒಡೆದು, ದೊರೆತ ರಸವನ್ನು ಇಂಗಿಸಿದಾಗ ಸಿಗುವ ಪಾಕದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಸಕ್ಕರೆಯಿರುತ್ತದೆ, ಆ ಸಕ್ಕರೆಯ ಬಹುಪಾಲು ಫ್ರುಕ್ಟೋಸ್, ಉಳಿದದ್ದು ಹೆಚ್ಚಾಗಿ ಗ್ಲೂಕೋಸ್. ಸಾಮಾನ್ಯ ಜೇನಿನಲ್ಲಿ ತೂಕದ ಶೇಕಡಾ 38ರಷ್ಟು ಫ್ರುಕ್ಟೋಸ್ ಮತ್ತು ಶೇಕಡಾ 31ರಷ್ಟು ಗ್ಲೂಕೋಸ್ ಇರುತ್ತದೆ. ಎರಡರ ನಡುವಿನ ಈ ಅಂತರವೇ ಮುಂದಿನ ಎಲ್ಲ ಸಂಗತಿಗಳಿಗೂ ಕಾರಣ.

ಇಲ್ಲಿ ದಾಖಲಾಗಿರುವ ಅನುಭವ ಅಮೆರಿಕದ ಮನೆತಯಾರಿಕೆಯ ಪರಂಪರೆಗೆ ಸೇರಿದ್ದು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಶಾಸನದಿಂದ ಅಲ್ಲಿ ಸ್ವಂತ ಬಳಕೆಗಾಗಿ ಬಿಯರ್ ತಯಾರಿಸುವುದು ಒಕ್ಕೂಟದ ಕಾನೂನಿನ ಮಟ್ಟಿಗೆ ತೆರಿಗೆಯಿಲ್ಲದ ಹಕ್ಕಾಯಿತು. ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಎಂಬ ಮಿತಿಯೂ ಗೊತ್ತಾಯಿತು. ಕರ್ನಾಟಕದಲ್ಲಿ ಸ್ಥಿತಿ ಬೇರೆ: 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲವಾದ್ದರಿಂದ, ಇಲ್ಲಿನ ಓದುಗರು ಈ ಬರಹವನ್ನು ತಿಳಿವಳಿಕೆಗಾಗಿ ಓದಬೇಕೇ ಹೊರತು ಕೈಪಿಡಿಯೆಂದಲ್ಲ. ದಕ್ಷಿಣ ಪ್ರಸ್ಥಭೂಮಿಯ ಹೊಲದ ಬೇಲಿಗಳಲ್ಲಿ ಬೆಳೆಯುವ ಕತ್ತಾಳೆಯೂ ಅಗೇವ್ ಕುಲದ್ದೇ ಎಂಬುದು ನಿಜ, ಆದರೆ ಅದರ ಹಸಿ ರಸ ಚರ್ಮಕ್ಕೆ ತಗುಲಿದರೆ ತುರಿಕೆ, ಉರಿ ಉಂಟಾಗುವುದರಿಂದ ಬೇಲಿಯ ಗಿಡಕ್ಕೂ ಬಾಟಲಿಯ ಪಾಕಕ್ಕೂ ನೇರ ಸಂಬಂಧ ಕಲ್ಪಿಸುವುದು ಅಪಾಯಕರ.

ಬಿಯರಿನ ವಿಷಯದಲ್ಲಿ ಹೊಸಬರನ್ನು ದಾರಿ ತಪ್ಪಿಸುವುದು ಪಾಕದ ನಾಲಗೆಯ ಮೇಲಿನ ಸಿಹಿ. ಫ್ರುಕ್ಟೋಸ್ ಸಾಮಾನ್ಯ ಸಕ್ಕರೆಗಿಂತ ಹೆಚ್ಚು ಸಿಹಿಯಾದ್ದರಿಂದ ಬಿಯರ್ ಕೂಡ ಸಿಹಿಯಾಗುತ್ತದೆಂದು ಭಾವಿಸಲಾಗುತ್ತದೆ, ಆದರೆ ಯೀಸ್ಟ್ ಆ ಸಕ್ಕರೆಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಮಾರ್ಪಡಿಸುವುದರಿಂದ ಫಲ ಅದಕ್ಕೆ ತದ್ವಿರುದ್ಧವಾಗಿರುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಾದ ಮಾಲ್ಟ್, ಯೀಸ್ಟಿಗೆ ದಕ್ಕದ ಡೆಕ್ಸ್ಟ್ರಿನ್ ಎಂಬ ಶರ್ಕರಾಂಶಗಳನ್ನು ಉಳಿಸಿ ಬಿಯರಿಗೆ ಮೈ ಕೊಡುತ್ತದೆ. ಅಗೇವ್ ಪಾಕ ಅಂಥದ್ದೇನನ್ನೂ ಉಳಿಸುವುದಿಲ್ಲ. 20 ಲೀಟರ್ ಬಿಯರಿಗೆ ಅರ್ಧ ಕಿಲೋ ಪಾಕ ಸೇರಿಸಿದರೆ ಆರಂಭದ ಸಾಪೇಕ್ಷ ಸಾಂದ್ರತೆ, ಅಂದರೆ ನೀರನ್ನು 1.000 ಎಂದಿಟ್ಟುಕೊಂಡು ಹೈಡ್ರೋಮೀಟರಿನಲ್ಲಿ ಅಳೆಯುವ ದ್ರವದ ಗಟ್ಟಿತನ, ಸುಮಾರು 0.007ರಷ್ಟು ಏರುತ್ತದೆ, ಆಲ್ಕೋಹಾಲ್ ಹತ್ತಿರ ಹತ್ತಿರ ಶೇಕಡಾ 1ರಷ್ಟು ಹೆಚ್ಚುತ್ತದೆ, ಕುಡಿಯುವಾಗ ಬಿಯರ್ ಮಾತ್ರ ಮೊದಲಿಗಿಂತ ತೆಳುವಾಗಿ, ಒಣಗಿದಂತೆ ಅನ್ನಿಸುತ್ತದೆ. ಗೋಧಿ ಮಾಲ್ಟಿನ ಹಗುರ ಬಿಯರಿಗೆ ಈ ಗುಣ ಹಿತವೇ. ಕಪ್ಪು ಮಾಲ್ಟಿನ ಸ್ಟೌಟಿಗೆ ಅದು ಒಗ್ಗುವುದಿಲ್ಲ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಮೈ ಕಳೆದುಕೊಳ್ಳಬಾರದೆಂದಿದ್ದರೆ ಮಾಲ್ಟನ್ನು ನೆನೆಸುವ ಬಿಸಿನೀರಿನ ಉಷ್ಣತೆಯನ್ನು 64 ಡಿಗ್ರಿ ಸೆಲ್ಸಿಯಸ್‌ನ ಬದಲು 68ರ ಹತ್ತಿರ ಇರಿಸಬೇಕು, ಏಕೆಂದರೆ ಆ ಉಷ್ಣತೆಯಲ್ಲಿ ಬೀಟಾ ಅಮೈಲೇಸ್ ಎಂಬ ಕಿಣ್ವ ಬೇಗ ನಿಷ್ಕ್ರಿಯವಾಗಿ ಡೆಕ್ಸ್ಟ್ರಿನ್ ಹೆಚ್ಚು ಉಳಿಯುತ್ತದೆ.

ಪಾಕವನ್ನು ಯಾವಾಗ ಸೇರಿಸಬೇಕೆಂಬುದು ಎಷ್ಟು ಸೇರಿಸಬೇಕೆಂಬುದಕ್ಕಿಂತ ಮುಖ್ಯ. ಒಂದು ಗಂಟೆ ಕುದಿಸಿದರೆ ಅದರಲ್ಲಿರುವ ಅಲ್ಪಸ್ವಲ್ಪ ಸುವಾಸನೆಯೂ ಆವಿಯೊಂದಿಗೆ ಹೋಗುತ್ತದೆ. ಆರಂಭದಲ್ಲೇ ಪೂರ್ತಿ ಸುರಿದರೆ ಸುಲಭವಾದ ಸಕ್ಕರೆ ಮೊದಲು ದಕ್ಕುವುದರಿಂದ ಯೀಸ್ಟ್ ಮಾಲ್ಟಿನ ಸಕ್ಕರೆಯಾದ ಮಾಲ್ಟೋಸನ್ನು ಒಳಗೆಳೆದುಕೊಳ್ಳುವ ವ್ಯವಸ್ಥೆಯನ್ನೇ ತಡವಾಗಿ ಅಣಿಗೊಳಿಸುತ್ತದೆ. ಹುದುಗುವಿಕೆಯ ನೊರೆ ಪೂರ್ತಿ ಏರಿ ಇಳಿಯತೊಡಗಿದಾಗ, ಕುದಿಸಿ ಆರಿಸಿದ ಸ್ವಲ್ಪ ನೀರಿನಲ್ಲಿ ಪಾಕವನ್ನು ಕಲಸಿ ಹಾಕುವ ಕ್ರಮದಲ್ಲಿ ಈ ಎರಡೂ ತೊಂದರೆಗಳು ತಗ್ಗುತ್ತವೆ.

ಮೀಡಿನಲ್ಲಿ ಫ್ರುಕ್ಟೋಸಿನ ಪ್ರಶ್ನೆ ಇನ್ನೂ ಆಳವಾದುದು. ಮದ್ಯ ತಯಾರಿಕೆಯಲ್ಲಿ ಬಳಸುವ ಸ್ಯಾಕರೋಮೈಸಿಸ್ ಸೆರೆವಿಸಿಯೆ ಜಾತಿಯ ಯೀಸ್ಟ್ ಎರಡೂ ಸಕ್ಕರೆಗಳನ್ನು ಬಳಸಬಲ್ಲದಾದರೂ ಗ್ಲೂಕೋಸನ್ನು ಹೆಚ್ಚು ವೇಗವಾಗಿ ತಿನ್ನುತ್ತದೆ. ಆದ್ದರಿಂದ ಹುದುಗುವಿಕೆಯ ಕೊನೆಯ ಹಂತದಲ್ಲಿ, ಆಲ್ಕೋಹಾಲ್ ಏರಿ ಯೀಸ್ಟ್ ಬಳಲಿರುವ ಹೊತ್ತಿನಲ್ಲೇ, ಅದಕ್ಕೆ ಕಷ್ಟವಾದ ಫ್ರುಕ್ಟೋಸ್ ಉಳಿದಿರುತ್ತದೆ. 10 ಲೀಟರ್ ಮೀಡಿಗೆ 2.4 ಕಿಲೋ ಜೇನು ಮತ್ತು 800 ಗ್ರಾಂ ಅಗೇವ್ ಪಾಕ ಬಳಸಿದರೆ ಆರಂಭದ ಸಾಂದ್ರತೆ 1.097ರ ಸುಮಾರಿಗೆ ಬರುತ್ತದೆ. ಬರೀ ಜೇನಿನಲ್ಲಿ ಗ್ಲೂಕೋಸಿನ ಒಂದೂಕಾಲು ಪಟ್ಟಿನಷ್ಟಿದ್ದ ಫ್ರುಕ್ಟೋಸ್ ಈ ಮಿಶ್ರಣದಲ್ಲಿ ಒಂದೂವರೆ ಪಟ್ಟನ್ನು ದಾಟುತ್ತದೆ. ಸಾಂದ್ರತೆ 1.015ರ ಆಸುಪಾಸಿನಲ್ಲಿ ನಿಂತಂತೆ ಕಂಡರೂ ಅದು ಮುಗಿದ ಹುದುಗುವಿಕೆಯಲ್ಲ, ತೆವಳುತ್ತಿರುವ ಹುದುಗುವಿಕೆ. ಅಂಥ ಹೊತ್ತಿನಲ್ಲಿ ಹೊಸ ಯೀಸ್ಟನ್ನು ಸುರಿಯುವ ಆತುರಕ್ಕಿಂತ ಪಾತ್ರೆಯನ್ನು ಕೆಲವು ಡಿಗ್ರಿ ಬೆಚ್ಚಗಿರಿಸಿ, ತಳಕ್ಕೆ ಇಳಿದ ಯೀಸ್ಟನ್ನು ಮೆಲ್ಲಗೆ ಅಲುಗಿಸಿ ಕಾಯುವುದೇ ಹೆಚ್ಚು ಫಲ ಕೊಡುತ್ತದೆ. ಆರಂಭದಲ್ಲೇ ಆಲ್ಕೋಹಾಲ್ ತಾಳಿಕೆ ಹೆಚ್ಚಿರುವ ತಳಿಯನ್ನು, ಉದಾಹರಣೆಗೆ ಶೇಕಡಾ 18ರವರೆಗೆ ತಾಳಬಲ್ಲ ಇಸಿ-1118 ಎಂಬ ಶಾಂಪೇನ್ ಯೀಸ್ಟನ್ನು, ಆರಿಸಿಕೊಂಡಿದ್ದರೆ ಈ ಗಂಡಾಂತರ ಬಹುಮಟ್ಟಿಗೆ ತಪ್ಪುತ್ತದೆ.

ಯೀಸ್ಟಿನ ಬಳಲಿಕೆಗೆ ಇನ್ನೊಂದು ಕಾರಣ ಹಸಿವು. ಮಾಲ್ಟಿನ ರಸದಲ್ಲಿ ಯೀಸ್ಟಿಗೆ ಬೇಕಾದ ಸಾರಜನಕ, ಅಂದರೆ ಅಮೈನೋ ಆಮ್ಲಗಳ ರೂಪದ ಪೋಷಕಾಂಶ, ಧಾರಾಳವಾಗಿರುತ್ತದೆ, ಜೇನಿನಲ್ಲಿ ಅದು ಬಹಳ ಕಡಿಮೆ, ಅಗೇವ್ ಪಾಕದಿಂದಲೂ ಆ ಕೊರತೆ ನೀಗುವುದಿಲ್ಲ. ಆದಕಾರಣ ಯೀಸ್ಟ್ ಪೋಷಕವನ್ನು ಒಮ್ಮೆಲೇ ಹಾಕದೆ, ಮೊದಲ ಮೂರು ದಿನ ದಿನಕ್ಕೊಂದು ಕಂತಿನಂತೆಯೂ, ಸಕ್ಕರೆಯ ಮೂರನೆಯ ಒಂದು ಭಾಗ ಕರಗಿದಾಗ, ಅಂದರೆ ಮೇಲಿನ ಉದಾಹರಣೆಯಲ್ಲಿ ಸಾಂದ್ರತೆ 1.065ಕ್ಕೆ ಇಳಿದಾಗ, ಕೊನೆಯ ಕಂತಾಗಿಯೂ ಕೊಡುವ ಪದ್ಧತಿ ರೂಢಿಗೆ ಬಂದಿದೆ. ಇದನ್ನು ಪಾಲಿಸದ ಮೀಡಿನಲ್ಲಿ ಕೊಳೆತ ಮೊಟ್ಟೆಯ ವಾಸನೆ, ಅಂದರೆ ಹೈಡ್ರೋಜನ್ ಸಲ್ಫೈಡ್, ಕಾಣಿಸಿಕೊಳ್ಳುವ ಸಂಭವ ಹೆಚ್ಚು.

ರುಚಿಯ ಬಗ್ಗೆ ನಿರೀಕ್ಷೆಯನ್ನು ತಗ್ಗಿಸಿಕೊಳ್ಳುವುದು ಒಳಿತು. ಅಗೇವ್‌ನಿಂದಲೇ ಮಾಡುವ ಟಕೀಲಾ ಎಂಬ ಮದ್ಯದ ಪರಿಮಳ ಬೆಂದ ದಿಂಡು, ಹುದುಗುವಿಕೆ, ಬಟ್ಟಿ ಇಳಿಸುವಿಕೆ, ಕೆಲವು ಬಗೆಗಳಲ್ಲಿ ಓಕ್ ಪೀಪಾಯಿ, ಇವೆಲ್ಲ ಕೂಡಿ ಬರುವಂಥದ್ದು, ಅಗೇವ್‌ನದೇ ಇನ್ನೊಂದು ಮದ್ಯವಾದ ಮೆಸ್ಕಾಲಿನ ಹೊಗೆವಾಸನೆಯಂತೂ ನೆಲದಲ್ಲಿ ತೋಡಿದ ಒಲೆಯ ಕಾಣಿಕೆ. ಮೆಕ್ಸಿಕೋದ ಎತ್ತರದ ಪ್ರದೇಶಗಳಲ್ಲಿ ಅಗೇವ್‌ನ ತಾಜಾ ರಸವನ್ನು ಹುದುಗಿಸಿ ಕುಡಿಯುವ ಪುಲ್ಕೆ, ಯೀಸ್ಟಿನ ಜೊತೆಗೆ ಬ್ಯಾಕ್ಟೀರಿಯಗಳೂ ಸೇರಿ ಮಾಡುವ, ಲೋಳೆಯಾದ ಹುಳಿ ಪಾನೀಯ. ತಿಳಿ ಬಣ್ಣದ ಅಂಗಡಿಯ ಪಾಕ ಇವುಗಳಲ್ಲಿ ಯಾವುದನ್ನೂ ತರುವುದಿಲ್ಲ, ಹೆಚ್ಚು ಶಾಖ ಕಂಡ ಗಾಢ ಪಾಕದಲ್ಲಿ ಮಾತ್ರ ಸುಟ್ಟ ಸಕ್ಕರೆಯ ಛಾಯೆ ಉಳಿಯುತ್ತದೆ. ಇದೇ ಕಾರಣಕ್ಕೆ, ಒಂದೇ ಹೂವಿನ ಮೂಲದ, ತನ್ನದೇ ಪರಿಮಳವುಳ್ಳ ಒಳ್ಳೆಯ ಜೇನು ಕೈಯಲ್ಲಿದ್ದಾಗ ಅದರೊಳಗೆ ಅಗೇವ್ ಬೆರೆಸುವುದು ಆ ಜೇನಿಗೆ ಮಾಡುವ ಅನ್ಯಾಯ. ಸಾಧಾರಣ ಜೇನಿನೊಂದಿಗೆ, ನಿಂಬೆಯ ಸಿಪ್ಪೆಯೋ ಮೆಣಸಿನಕಾಯಿಯೋ ಮುಂದಾಗಿ ನಿಲ್ಲುವ ಮೀಡಿನಲ್ಲಿ ಅದಕ್ಕೆ ನ್ಯಾಯವಾದ ಸ್ಥಾನವಿದೆ.

ಬಾಟಲಿಗೆ ತುಂಬುವಾಗ ಮೇಲೆ ಹೇಳಿದ ನಿಧಾನಗತಿಯನ್ನು ಮರೆಯುವಂತಿಲ್ಲ. ಬಾಟಲಿಯೊಳಗೆ ಅನಿಲ ಹುಟ್ಟಿಸಲು ಸಾಮಾನ್ಯವಾಗಿ ಹಾಕುವ ಪ್ರತಿ 100 ಗ್ರಾಂ ಸಕ್ಕರೆಯ ಬದಲು ಸುಮಾರು 140 ಗ್ರಾಂ ಅಗೇವ್ ಪಾಕ ಸಾಕು. ಆದರೆ ಪಾತ್ರೆಯಲ್ಲಿ ಹುದುಗದೆ ಉಳಿದ ಫ್ರುಕ್ಟೋಸ್ ಕೂಡ ಅದಕ್ಕೆ ಸೇರಿಕೊಂಡರೆ ಒತ್ತಡ ಮಿತಿಮೀರಿ ಗಾಜು ಸಿಡಿಯುತ್ತದೆ. ಆದುದರಿಂದ ಕೆಲವು ವಾರಗಳ ಅಂತರದಲ್ಲಿ ಅಳೆದ ಸಾಂದ್ರತೆ ಒಂದೇ ಆಗಿರುವುದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ಬಾಟಲಿ ತುಂಬಬೇಕು. ಮೀಡನ್ನು ಸಿಹಿಯಾಗಿಯೇ ಉಳಿಸಿಕೊಳ್ಳಬೇಕೆಂದಿದ್ದರೆ, ಹುದುಗುವಿಕೆ ಮುಗಿದು ದ್ರವ ತಿಳಿಯಾದ ಬಳಿಕ ಪೊಟ್ಯಾಶಿಯಂ ಮೆಟಾಬೈಸಲ್ಫೈಟ್ ಮತ್ತು ಪೊಟ್ಯಾಶಿಯಂ ಸಾರ್ಬೇಟ್ ಹಾಕಿ ಯೀಸ್ಟ್ ಮತ್ತೆ ವೃದ್ಧಿಯಾಗದಂತೆ ತಡೆದು, ಅನಂತರ ರುಚಿ ನೋಡುತ್ತ ಪಾಕವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ಹೀಗೆ ಕೊನೆಯಲ್ಲಿ ಬೆರೆಸಿದ ಅಗೇವ್ ಮಾತ್ರವೇ ತನ್ನ ಸಿಹಿಯನ್ನೂ ತನ್ನ ಮೆಲುವಾದ ವಾಸನೆಯನ್ನೂ ಲೋಟದವರೆಗೆ ತಲುಪಿಸಬಲ್ಲದು.