ನಿರ್ನಾಳ ಗ್ರಂಥಿಗಳ ವ್ಯತ್ಯಯವೂ ಹಿತ್ತಲ ಮದ್ದೂ

ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ಪದವಿ ಪಡೆದು ಬ್ಯಾಂಕಿನಲ್ಲಿ ಎರಡು ದಶಕ ಕಳೆದವನು. ಆದರೂ ಸ್ತ್ರೀಯರ ನಿರ್ನಾಳ ಗ್ರಂಥಿಗಳ ತೊಂದರೆಗಳನ್ನು ಕುರಿತು ಈ ಸ್ಮರಣ ಸಂಚಿಕೆಗೆ ಬರೆಯಲು ಕಾರಣವು ನಮ್ಮ ಮನೆಯಲ್ಲಿಯೇ ಒದಗಿತು.

ನನ್ನ ಪತ್ನಿಗೆ ಥೈರಾಯಿಡ್ ಗ್ರಂಥಿಯ ಸ್ರಾವ ಕಡಿಮೆಯೆಂದು ತಿಳಿದು ಆರು ವರ್ಷಗಳಾದವು. ದಿನಕ್ಕೊಂದು ಚಿಕ್ಕ ಮಾತ್ರೆ. ಮುಂಬ್ರಾದಿಂದ ಲೋಕಲ್ ಗಾಡಿಯ ಮಹಿಳೆಯರ ಡಬ್ಬಿಯಲ್ಲಿ ಹೋಗಿಬರುವ ಆಕೆಗೆ ಸಹಪ್ರಯಾಣಿಕರೊಬ್ಬರು, ‘ಜೀವಮಾನವಿಡೀ ಮಾತ್ರೆ ಏಕೆ?’ ಎಂದು ಒಂದು ಚೂರ್ಣವನ್ನು ಸೂಚಿಸಿದರು. ಮೂಲಿಕೆಯಿಂದ ಕೆಡುಕೇನೆಂದು ನಾನೂ ತಲೆಯಾಡಿಸಿದೆನೆಂಬುದನ್ನು ಮುಚ್ಚಿಡಲಾರೆ. ಮಾತ್ರೆ ನಿಂತಿತು. ಮೂರು ತಿಂಗಳಲ್ಲಿ ಆಕೆಯ ಮುಖ ಬಾತುಕೊಂಡಿತು, ದನಿ ಒಡೆಯಿತು, ಮೇ ತಿಂಗಳ ಸೆಕೆಯಲ್ಲಿಯೂ ಹೊದಿಕೆ ಬೇಕೆನ್ನತೊಡಗಿದಳು. ರಕ್ತಪರೀಕ್ಷೆಯ ಅಂಕಿಗಳನ್ನು ನೋಡಿದ ವೈದ್ಯರು ನಮ್ಮಿಬ್ಬರನ್ನೂ ಗದರಿಸಿದರು.

ಓದತೊಡಗಿದುದು ಆ ಮೇಲೆ. ಥೈರಾಯಿಡ್ ಗ್ರಂಥಿಯು ಅಯೋಡಿನ್ನನ್ನು ಬಳಸಿ ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಅಯೋಡಿನ್ ಬೆರೆತ ಉಪ್ಪನ್ನುಣ್ಣುವವರಲ್ಲಿ ಹೆಚ್ಚಾಗಿ ಕಾಣುವುದು, ದೇಹದ ರಕ್ಷಣಾವ್ಯವಸ್ಥೆಯೇ ಆ ಗ್ರಂಥಿಯನ್ನು ಸವೆಸುವ ವ್ಯಾಧಿ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯನು ಇಂಥ ಒಬ್ಬ ಮಹಿಳೆಗೆ ಕುರಿಯ ಥೈರಾಯಿಡ್ ಸಾರವನ್ನು ಚುಚ್ಚಿ ಕೊಟ್ಟನು. ಆ ಚಿಕಿತ್ಸೆಯಲ್ಲಿ ಆಕೆ ಮುಂದೆ 28 ವರ್ಷ ಬಾಳಿದಳು. ಖಾತೆಯಲ್ಲಿ ಬಿದ್ದ ಕೊರತೆಯನ್ನು ದಿನವೂ ತುಂಬುವ ಕ್ರಮವಿದು. ಥೈರಾಕ್ಸಿನ್ನಿನ ಸ್ಥಾನವನ್ನು ತುಂಬುವ ಗಿಡಮೂಲಿಕೆ ಇಂದಿಗೂ ಇಲ್ಲ.

ಹಾಗೆಂದು ಹಿತ್ತಲ ಗಿಡ ಮದ್ದಲ್ಲವೆನ್ನಲು ನಾನು ಸಿದ್ಧನಿಲ್ಲ. ಅತಿಯಾದ ಮುಟ್ಟಿಗೆ ಆಯುರ್ವೇದವು ಹೇಳುವ ಅಶೋಕಾರಿಷ್ಟವನ್ನೇ ನೋಡಿರಿ. ‘ಭೈಷಜ್ಯರತ್ನಾವಳಿ’ಯಲ್ಲಿ ಅದರ ಪಾಕವಿದೆ, ಮುಖ್ಯ ದ್ರವ್ಯ ಅಶೋಕದ ತೊಗಟೆ. ಆದರೆ ಯಾವ ಅಶೋಕ? ನಮ್ಮ ಹೌಸಿಂಗ್ ಸೊಸೈಟಿಗಳ ಗೋಡೆಯುದ್ದಕ್ಕೂ ಕಂಬದಂತೆ ನಿಂತಿರುವ ಮರವನ್ನು ಎಲ್ಲರೂ ಅಶೋಕವೆನ್ನುತ್ತಾರೆ. ಅದು ಸೀತಾಫಲದ ವಂಶದ್ದು. ಔಷಧದ ಅಶೋಕವು ಕಿತ್ತಳೆ-ಕೆಂಪು ಹೂಗೊಂಚಲಿನ, ಸಹ್ಯಾದ್ರಿಯ ತೊರೆಗಳ ಬದಿಯಲ್ಲಿ ಬೆಳೆಯುವ ಬೇರೆಯೇ ಮರ. ತೊಗಟೆಗಾಗಿ ಕಡಿದು ಕಡಿದು ಅದು ವಿರಳವಾಗಿದೆ; ಪೇಟೆಯಲ್ಲಿ ಅದರ ಹೆಸರಿನಲ್ಲಿ ಕಂಬದ ಮರದ ತೊಗಟೆ ಬೆರೆಯುವುದುಂಟು. ಬಿಡಿ ತೊಗಟೆಯನ್ನು ಕೊಂಡು ಕಷಾಯ ಕಾಯಿಸುವವರು ಇದನ್ನರಿತಿರಬೇಕು. ಇನ್ನು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಅರಿಷ್ಟದ ಸೀಸೆಯನ್ನು ಬದಿಗಿಟ್ಟು ಮೊದಲು ಸ್ತ್ರೀರೋಗ ತಜ್ಞರಲ್ಲಿಗೆ ಹೋಗತಕ್ಕದ್ದು. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು.

ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಲ್ಲಿ ಕಾಣುವ ತೊಂದರೆ ಇನ್ನೊಂದು: ಮುಟ್ಟು ತಪ್ಪುವುದು, ತೂಕ ಏರುವುದು, ಗದ್ದದ ಮೇಲೆ ಕೂದಲು. ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು 1935ರಲ್ಲಿ ವರ್ಣಿಸಿದ ಈ ಅಂಡಾಶಯದ ತೊಂದರೆಯಲ್ಲಿ ಅನೇಕರಿಗೆ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ಇದಕ್ಕೆ ವೈದ್ಯರು ಹಲವೊಮ್ಮೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಒಂದು ಮೂಲಿಕೆಯೇ! ಗಲೇಗಾ ಎಂಬ ಯುರೋಪಿನ ಗಿಡದ ಸತ್ವವನ್ನು ಅನುಸರಿಸಿ ರಸಾಯನಜ್ಞರು ತಯಾರಿಸಿದ ಬಳಗದ್ದು ಅದು. 1957ರಲ್ಲಿ ಫ್ರಾನ್ಸಿನ ಜೀನ್ ಸ್ಟರ್ನ್ ಮಧುಮೇಹಕ್ಕೆ ಅದರ ಉಪಯೋಗವನ್ನು ಪ್ರಕಟಿಸಿದನು. ಗಿಡದ ಸತ್ವವೇ ವಿಷಕರವಾಗಿದ್ದುದರಿಂದ ಅದನ್ನು ತಿದ್ದಬೇಕಾಯಿತು.

ನಮ್ಮ ಮೆಂತ್ಯವೂ ಬರಿಯ ನಂಬಿಕೆಯಲ್ಲ. ಅದರ ಲೋಳೆಯಂಥ ನಾರು ಊಟದ ಸಕ್ಕರೆಯು ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಮಧುನಾಶಿನಿಯ ಎಲೆಯನ್ನು ಅಗಿದು ಸಕ್ಕರೆ ಬಾಯಿಗೆ ಹಾಕಿದರೆ ಮರಳಿನಂತೆ ಸಪ್ಪೆ. ಇದನ್ನು ಯಾರೂ ಪರೀಕ್ಷಿಸಬಹುದು. ಆದರೆ ಮಧುಮೇಹದ ಮಾತ್ರೆಯೊಂದಿಗೆ ಇಂಥವನ್ನು ಯದ್ವಾತದ್ವಾ ಸೇರಿಸಿದರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಗರ್ಭಿಣಿಯರಂತೂ ವೈದ್ಯರನ್ನು ಕೇಳದೆ ಯಾವ ಮೂಲಿಕೆಯನ್ನೂ ಔಷಧವಾಗಿ ಸೇವಿಸಲಾಗದು. ಅಡುಗೆಯ ಮಾತು ಬೇರೆ. ಒಂದೆಲಗದ ತಂಬುಳಿಗೆ, ಮಳೆಗಾಲದಲ್ಲಿ ಥಾಣೆಯ ಪೇಟೆಗೆ ಬರುವ ತಗಟೆ ಸೊಪ್ಪಿನ ಪಲ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಹೆಸರು, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಇಲ್ಲದ ಪುಡಿಯ ಪೊಟ್ಟಣವನ್ನು ಮಾತ್ರ ಮನೆಗೆ ತರಬಾರದು. ಅಂಥವುಗಳಲ್ಲಿ ಸೀಸ, ಪಾದರಸಗಳು ಸಿಕ್ಕಿರುವುದುಂಟು.

ಈಗ ನನ್ನ ಪತ್ನಿ ಬೆಳಗಿನ ಐದೂವರೆಗೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗುತ್ತಾಳೆ. ಚಹಾ ಒಂದು ಗಂಟೆಯ ನಂತರ. ಕಬ್ಬಿಣ, ಸುಣ್ಣಾಂಶಗಳ ಮಾತ್ರೆಗಳು ಥೈರಾಕ್ಸಿನ್ನಿಗೆ ಅಡ್ಡಬರುವುದರಿಂದ ಅವಕ್ಕೆ ನಾಲ್ಕು ಗಂಟೆಯ ಅಂತರ. ನೆನೆಸಿದ ಮೆಂತ್ಯವನ್ನೂ ಆಕೆ ಬಿಟ್ಟಿಲ್ಲ; ನಾರು ಮಾತ್ರೆಯನ್ನು ಹೀರಬಾರದೆಂದು ಅದನ್ನು ರಾತ್ರಿಯ ಊಟಕ್ಕೆ ಸರಿಸಿದ್ದಾಳೆ.